ಕೆಂಪು ದಾರ ಕಟ್ಟಿದ ಡಿಸ್ಕ್

ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಮೊದಲ ಸಲ ಕೈಗೆ ಬಂದಾಗ ನಾನು ಅದನ್ನು ತೆಂಗಿನಕಾಯಿ ಕೊಳ್ಳುವವರಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೂ ಸದ್ದಿಲ್ಲ. ಅಂಗೈಗಿಂತ ಚಿಕ್ಕದು, ಬಿಸ್ಕತ್ತಿನಷ್ಟು ದಪ್ಪ, ಭಾರವೇ ಇಲ್ಲ. ಅಲ್ಲಿಯವರೆಗೆ ನಾನು ಕಂಡ ಹಾರ್ಡ್ ಡಿಸ್ಕ್‌ಗಳೆಲ್ಲ ಇಟ್ಟಿಗೆ ತುಂಡಿನಂತೆ ತೂಕ ಇದ್ದವು. ಒಳಗೆ ಕನ್ನಡಿಯಂಥ ತಟ್ಟೆ ಗಿರ್ರನೆ ತಿರುಗುತ್ತಿತ್ತು, ಅದರ ಮೇಲೆ ಸೂಜಿಯಂಥ ಕಡ್ಡಿ ಓಡಾಡುತ್ತಿತ್ತು. ಇದರಲ್ಲಿ ತಟ್ಟೆ ಇಲ್ಲ, ಸೂಜಿ ಇಲ್ಲ, ತಿರುಗುವಂಥದ್ದು ಒಂದೂ ಇಲ್ಲ. ಆದರೂ ಒಂದು ಕಚೇರಿಯ ಇಪ್ಪತ್ತು ವರ್ಷದ ಕಾಗದವೆಲ್ಲ ಇದರೊಳಗೆ ಸುಮ್ಮನೆ ಕೂತಿರುತ್ತದೆ, ಕರೆದ ತಕ್ಷಣ ಎದ್ದು ಬರುತ್ತದೆ. ಅವತ್ತು ಅಂಗಡಿಯ ಸ್ಟೂಲಿನ ಮೇಲೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ. ಅಲ್ಲಾಡದೆ ಓಡುವ ವಸ್ತು ಅದು. ಆ ಬೆರಗು ನನಗೆ ಇವತ್ತಿಗೂ ಇಳಿದಿಲ್ಲ.

ನನ್ನ ಹೆಸರು ಭೀಮಪ್ಪ. ಓದಿದ್ದು ಏಳನೇ ತರಗತಿ. ರೇಡಿಯೋ, ಟೇಪ್ ರೆಕಾರ್ಡರ್, ಟೀವಿ, ಆಮೇಲೆ ಕಂಪ್ಯೂಟರ್ ಎಂದು ಕಾಲ ತಂದುಕೊಟ್ಟದ್ದನ್ನೆಲ್ಲ ಬಿಚ್ಚಿ ಕಟ್ಟುತ್ತ ಕೊಟ್ಟೂರಿನಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಕಡೆಯಿಂದ ಫೋನ್ ಬಂದರೂ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದೆ. ಕಣ್ಣು ಮಂಜಾಯಿತು, ಸಣ್ಣ ಸ್ಕ್ರೂ ಹಿಡಿದರೆ ಬೆರಳು ನಡುಗತೊಡಗಿತು, ಹೋದ ವರ್ಷ ಅಂಗಡಿ ಮುಚ್ಚಿದೆ. ಈಗ ನಮ್ಮ ಭಾಗದ ರಿಪೇರಿಯವರೆಲ್ಲ ಸೇರಿ, ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆಂದು ಹಳಬರ ಅನುಭವಗಳ ಪುಸ್ತಕವೊಂದನ್ನು ತರುತ್ತಿದ್ದಾರೆ. ನನಗೂ ಬರೆಯಲು ಹೇಳಿದರು. ಬರೆಯುವ ಅಭ್ಯಾಸವಿಲ್ಲದ ನಾನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ನನ್ನ ತಂಗಿ ಸುಜಾತಳಿಗೆ ನಾನು ಆರು ವರ್ಷದಿಂದ ಒಂದು ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಎದುರಿಗೆ ನಿಂತು ಹೇಳಲು ನಾಲಿಗೆ ಏಳಲಿಲ್ಲ. ಈ ಪುಸ್ತಕ ಟೈಪ್ ಮಾಡುವವಳು ಅವಳೇ. ಬರೆದುಕೊಟ್ಟರೆ ಓದುತ್ತಾಳಲ್ಲ ಎಂದು ಪೆನ್ನು ಹಿಡಿದೆ.

ಅದಕ್ಕೆ ಬರುವ ಮೊದಲು ಕೆಲಸದ ಮಾತು.

ಹರಪನಹಳ್ಳಿ ತಾಲ್ಲೂಕಿನಲ್ಲಿ, ಉಚ್ಚಂಗಿದುರ್ಗದ ಕಡೆಗೆ, ಒಂದು ಶಾಲೆಯ ಆಫೀಸಿನಲ್ಲಿ ಹಳೆಯ ಕಂಪ್ಯೂಟರಿತ್ತು. ಬೆಳಿಗ್ಗೆ ಗುಂಡಿ ಒತ್ತಿ ಗುಮಾಸ್ತರು ಹೊರಗೆ ಹೋಗುತ್ತಿದ್ದರು. ಚಹಾ ಕುಡಿದು, ಎಲೆ ಹಾಕಿಕೊಂಡು, ಪೇಪರಿನ ಎರಡು ಪುಟ ಓದಿ ಬಂದರೆ ಪರದೆಯ ಮೇಲೆ ಆಗಷ್ಟೇ ಚಿತ್ರ ಮೂಡುತ್ತಿರುತ್ತಿತ್ತು. ಹೊಸ ಕಂಪ್ಯೂಟರ್ ಕೇಳಿ ಕೇಳಿ ಹೆಡ್‌ಮಾಸ್ತರರು ಸುಸ್ತಾಗಿದ್ದರು. ನಾನು ಡಬ್ಬ ಬಿಚ್ಚಿ ಧೂಳು ಊದಿದೆ. ರ‍್ಯಾಮ್ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದೆ. ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಎಸ್‌ಎಸ್‌ಡಿಗೆ ನಕಲು ಇಳಿಸಿ ಅದನ್ನೇ ಕೂಡಿಸಿ, “ಈಗ ಚಾಲೂ ಮಾಡ್ರಿ” ಎಂದೆ.

ಗುಮಾಸ್ತರು ಗುಂಡಿ ಒತ್ತಿ, ಅಭ್ಯಾಸದಂತೆ ಬಾಗಿಲ ಕಡೆಗೆ ತಿರುಗಿದರು. ಎರಡನೇ ಹೆಜ್ಜೆ ಇಡುವಷ್ಟರಲ್ಲಿ ನಾನು ಕರೆದೆ. “ಸರ್, ಬಂತು ನೋಡ್ರಿ.”

“ಏನ್ ಬಂತು?”

“ಕಂಪ್ಯೂಟರ್ ಬಂತ್ರಿ.”

ಅವರು ಬಗ್ಗಿ ಡಬ್ಬಕ್ಕೆ ಕಿವಿ ಇಟ್ಟರು. “ಸುಳ್ಳು ಹೇಳಬ್ಯಾಡ್ರಿ. ಇದು ಉಸಿರಾಡವಲ್ದು. ಸತ್ತೈತಿ ಇದು.”

“ಸತ್ತಿಲ್ರಿ. ಈಗ ಇದಕ್ಕ ದಮ್ಮು ಹತ್ತಂಗಿಲ್ಲ, ಅಷ್ಟ.”

ಸಂಬಳದ ಬಿಲ್ಲಿನ ಫೈಲು ತೆರೆದು ನೋಡಿದರು, ಮುಚ್ಚಿದರು, ಮತ್ತೆ ತೆರೆದರು. ಅಷ್ಟು ಹೊತ್ತಿಗೆ ಹೆಡ್‌ಮಾಸ್ತರರು ಬಂದು ಬೆನ್ನ ಹಿಂದೆ ನಿಂತಿದ್ದರು.  ಹತ್ತು ವರ್ಷದ ಹಳೆಯ ಡಬ್ಬ ಕಾಲೇಜು ಹುಡುಗನ ಹಾಗೆ ಓಡುತ್ತಿತ್ತು. ಕೊನೆಗೆ ಗುಮಾಸ್ತರು ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು. “ಭೀಮಪ್ಪಾರ, ಎಲ್ಲಾ ಚಂದ ಐತಿ. ಆದ್ರ ನನ್ನ ಚಾ ಕುಡಿಯೋ ಹೊತ್ತು ಕಸ್ಗೊಂಡ್ರಲ್ರಿ.” ಹೆಡ್‌ಮಾಸ್ತರರು ಅವತ್ತು ನಕ್ಕಷ್ಟು ಮತ್ತೆಂದೂ ನಕ್ಕದ್ದನ್ನು ನಾನು ನೋಡಿಲ್ಲ.

ಇನ್ನೊಂದು ಹಡಗಲಿಯ ಫೋಟೋ ಸ್ಟುಡಿಯೋ. ಅಲ್ಲಿನ ಡಬ್ಬ ಬಿಚ್ಚಿದಾಗ ಒಳಗೆ ಹಲ್ಲಿಯ ಮೊಟ್ಟೆಗಳಿದ್ದವು. ಹಳೆಯ ಡಬ್ಬಗಳಲ್ಲಿ ಈ ಸಣ್ಣ ಡಿಸ್ಕಿಗೆ ಸರಿಯಾದ ಕೂರುವ ಜಾಗವೇ ಇರುವುದಿಲ್ಲ. ಅದಕ್ಕೆಂದೇ ತಗಡಿನ ಪಟ್ಟಿ ಸಿಗುತ್ತದೆ. ಅವತ್ತು ನನ್ನ ಚೀಲದಲ್ಲಿ ಪಟ್ಟಿ ಇರಲಿಲ್ಲವೆಂದು ಎರಡು ಕಡೆ ಅಂಟಿರುವ ಟೇಪು ಹಚ್ಚಿ ಅಂಟಿಸಿ ಬಂದೆ. ಬೇಸಿಗೆ ಬಂತು. ಹಡಗಲಿಯ ಸೆಕೆಗೆ ಟೇಪಿನ ಅಂಟು ಕರಗಿ ಡಿಸ್ಕ್ ಕಳಚಿಕೊಂಡಿದೆ. ಬೇರೆ ಕೆಲಸಕ್ಕೆಂದು ಹೋಗಿ ಡಬ್ಬ ಬಿಚ್ಚಿದೆ. ಅದು ವೈರಿಗೆ ಜೋತುಬಿದ್ದು ಬಾವಲಿಯ ಹಾಗೆ ನೇತಾಡುತ್ತಿದೆ! ಎಷ್ಟು ದಿನದಿಂದ ಹಾಗಿತ್ತೋ. ಸ್ಟುಡಿಯೋದವರಿಗೆ ಗೊತ್ತೇ ಇಲ್ಲ, ಮದುವೆಯ ಮೇಲೆ ಮದುವೆ ಫೋಟೋ ಹಾಕಿಕೊಂಡೇ ಇದ್ದಾರೆ. ಹಳೆಯ ಡಿಸ್ಕ್ ಓಡುವಾಗ ಹಾಗೆ ಬಿದ್ದಿದ್ದರೆ ಅಲ್ಲಿಗೆ ಮುಗಿದಿತ್ತು. ನಾನು ನನ್ನ ತಪ್ಪಿಗೆ ನಾಚಿದ್ದಕ್ಕಿಂತ ಅದರ ಗಟ್ಟಿತನಕ್ಕೆ ಬೆರಗಾದದ್ದೇ ಹೆಚ್ಚು. ಆಗಲೇ ನಾಚಿಕೊಳ್ಳಬೇಕಿತ್ತು. ಬೆರಗು ಒಳ್ಳೆಯದು, ಆದರೆ ಬೆರಗಿನಲ್ಲಿ ಕೈ ಸಡಿಲಾಗುತ್ತದೆ.

ಈ ಕೆಲಸವನ್ನು ನನಗೆ ಕಲಿಸಿದವರು ಹಗರಿಬೊಮ್ಮನಹಳ್ಳಿಯ ಖಾದರ್ ಸಾಹೇಬರು. ಅವರದು ರೇಡಿಯೋ, ಟೇಪ್ ರೆಕಾರ್ಡರ್ ಅಂಗಡಿ. ನಾನು ಅಲ್ಲಿ ಸೇರಿದ ಕಾಲಕ್ಕೆ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ತುಂಬಿಕೊಡುವುದೇ ದೊಡ್ಡ ಕಸುಬು. ಟೇಪಿನಲ್ಲಿ ಎರಡು ಗೂಡು. ಎಡಗಡೆಯದು ಹಾಡುವುದು, ಬಲಗಡೆಯದು ತುಂಬಿಕೊಳ್ಳುವುದು. ಎಡಕ್ಕೆ ತುಂಬಿದ್ದು, ಬಲಕ್ಕೆ ಖಾಲಿ. ಸಾಹೇಬರ ಅಂಗಡಿಯಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು. ಗಿರಾಕಿ ತಂದ ಕ್ಯಾಸೆಟ್ಟಿಗೆ ಮೊದಲು ಕೆಂಪು ದಾರ ಕಟ್ಟಬೇಕು. ದಾರ ಇದ್ದದ್ದು ತುಂಬಿದ್ದು. ಗುಂಡಿ ಒತ್ತುವ ಮೊದಲು ಗಿರಾಕಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಜೋರಾಗಿ ಹೇಳಬೇಕು, ಇದರಿಂದ ಇದಕ್ಕೆ ಎಂದು. ಗಿರಾಕಿ “ಹೌದು” ಅಂದ ಮೇಲೆಯೇ ಗುಂಡಿ.

“ಅವ್ರಿಗೇನ್ ತಿಳೀತೈತ್ರಿ?” ಎಂದು ನಾನೊಮ್ಮೆ ಕೇಳಿದ್ದೆ.

“ಅವ್ರಿಗೆ ತಿಳೀಲಿ ಅಂತ ಅಲ್ಲಲೇ. ಬಾಯಿಬಿಟ್ಟು ಹೇಳಿದ್ರ ನಿನ್ನ ಕಿವಿಗೆ ಬೀಳ್ತೈತಿ. ಮನಸಿನಾಗ ಅಂದ್ಕೊಂಡ್ರ ತಪ್ಪೂ ಸರಿ ಕೇಳಿಸ್ತೈತಿ.”

ಒಂದು ಸಲ ನಾನು ದಾರ ಕಟ್ಟದೆ ತಪ್ಪು ಮಾಡಿದೆ. ತಂಬ್ರಹಳ್ಳಿಯ ಒಬ್ಬ ರೈತರು ತೀರಿಕೊಂಡ ತಂದೆಯ ಭಜನೆಯ ಕ್ಯಾಸೆಟ್ ತಂದಿದ್ದರು. ಅದರ ಮೇಲೆ ಖಾಲಿ ಕ್ಯಾಸೆಟ್ಟಿನ ಮೌನವನ್ನು ತುಂಬಿಬಿಟ್ಟೆ. ಸಾಹೇಬರು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅಂಗಡಿಗೆ ಬೀಗ ಹಾಕಿ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂಬ್ರಹಳ್ಳಿಗೆ ಹೋದರು. ಆ ರೈತರ ಮುಂದೆ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು, “ಗೌಡ್ರ, ನನ್ನ ಕೈ ತಪ್ಪೈತಿ. ನಿಮ್ಮ ಅಪ್ಪಾರ ದನಿ ನಾನು ಅಳಿಸೀನಿ” ಎಂದರು. ನಾನು ಹಿಂದೆ ನಿಂತಿದ್ದೆ. ಅಳಿಸಿದ್ದು ನಾನು ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಬರುವಾಗ ದಾರಿಯುದ್ದಕ್ಕೂ ಸಾಹೇಬರು ಆಡಿದ್ದು ಒಂದೇ ಮಾತು. “ಇವತ್ತು ನಾನು ಹೇಳೀನಿ. ಇನ್ನೊಂದು ಸಲ ನೀನ ಹೇಳಬೇಕು.”

ಸಾಹೇಬರು ಹೋದರು, ಕ್ಯಾಸೆಟ್ಟೂ ಹೋಯಿತು, ದಾರ ಮಾತ್ರ ನನ್ನ ಚೀಲದಲ್ಲಿ ಉಳಿಯಿತು. ಕಂಪ್ಯೂಟರಿಗೆ ಬಂದ ಮೇಲೂ ಹಳೆಯ ಡಿಸ್ಕ್ ಬಿಚ್ಚಿದ ಕೂಡಲೇ ಕೆಂಪು ದಾರ ಸುತ್ತುತ್ತಿದ್ದೆ. ಮೊದಲೆಲ್ಲ ಹೊಸ ಡಿಸ್ಕಿಗೆ ವಿಂಡೋಸ್ ಹಾಕಿ, ಒಂದೊಂದೇ ತಂತ್ರಾಂಶ ಕೂರಿಸಿ, ಫೈಲುಗಳನ್ನು ತುಂಬಲು ಇಡೀ ದಿನ ಬೇಕಿತ್ತು. ಆಮೇಲೆ ಹಳೆಯ ಡಿಸ್ಕನ್ನು ಇದ್ದ ಹಾಗೇ ಪಡಿಯಚ್ಚು ಇಳಿಸುವ ತಂತ್ರಾಂಶ ಬಂತು. ಪೆನ್ ಡ್ರೈವಿನಿಂದ ಅದನ್ನು ತೆರೆದರೆ ಪರದೆಯ ಮೇಲೆ ಎರಡು ಸಾಲು ಕಾಣುತ್ತದೆ, ಒಂದು ಡಿಸ್ಕಿಗೆ ಒಂದು ಸಾಲು. ಎಲ್ಲಿಂದ, ಎಲ್ಲಿಗೆ ಎಂದು ಆರಿಸಿ ಒತ್ತಿದರೆ ಮುಗಿಯಿತು. ಡಿಸ್ಕಿಗೆ ಕಟ್ಟಿದ ದಾರ ಪರದೆಯ ಮೇಲೆ ಕಾಣುವುದಿಲ್ಲ. ಅದಕ್ಕೆ ಸಾಲಿನಲ್ಲಿ ಬರೆದಿರುವ ಅಳತೆಯನ್ನು ಗಿರಾಕಿಯ ಮುಂದೆ ಜೋರಾಗಿ ಓದುತ್ತಿದ್ದೆ. “ದೊಡ್ಡದರಿಂದ ಸಣ್ಣದಕ್ಕ, ಹೌದಲ್ರಿ?” ಗಿರಾಕಿಗಳು ನಗುತ್ತಿದ್ದರು. ಅದಕ್ಕೂ ಮೊದಲು ಅವರ ಫೈಲುಗಳ ಒಂದು ಪ್ರತಿಯನ್ನು ನನ್ನ ಬಳಿಯಿದ್ದ ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಳ್ಳುತ್ತಿದ್ದೆ. ಹೀಗೆ ಮಾಡಿ ಒಬ್ಬ ಗಿರಾಕಿಯ ಒಂದು ಫೈಲನ್ನೂ ನಾನು ಕಳೆದಿಲ್ಲ.

ಕಳೆದದ್ದು ನನ್ನ ತಂಗಿಯದನ್ನು.

ಸುಜಾತ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಪಿಯುಸಿ ಓದಿದಳು, ಟೈಪಿಂಗ್ ಕಲಿತಳು. ಮದುವೆಯಾಗಿ ಕೂಡ್ಲಿಗಿಗೆ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಅಂಗಡಿ ತೆರೆದಳು. ಮದುವೆ, ತೊಟ್ಟಿಲು, ಗೃಹಪ್ರವೇಶ, ತಿಥಿ, ಎಲ್ಲ ಕಾರ್ಡುಗಳೂ ಅವಳ ಕೈಯಿಂದ ಹೊರಡುತ್ತಿದ್ದವು. ನಮ್ಮ ಕಡೆಯ ಮದುವೆ ಕಾರ್ಡು ಗೊತ್ತಲ್ಲ, ಅಜ್ಜ, ದೊಡ್ಡಪ್ಪ, ಮಾವ ಎಂದು ಇಡೀ ಕುಲದ ಹೆಸರು ಬೀಳಬೇಕು. ಒಂದು ಹೆಸರು ಬಿಟ್ಟರೆ ಮದುವೆಯಲ್ಲಿ ಜಗಳ. ಆದರೆ ಆ ಪಟ್ಟಿಯಲ್ಲಿ ಹೆಂಗಸರ ಹೆಸರು ಕಡಿಮೆ. ಅಜ್ಜಿಯರದಂತೂ ಇಲ್ಲವೇ ಇಲ್ಲ. ಸುಜಾತ ಪ್ರತಿ ಗಿರಾಕಿಯನ್ನೂ ಕೇಳುತ್ತಿದ್ದಳು.

“ನಿಮ್ಮಜ್ಜಿ ಹೆಸರೇನ್ರಿ?”

“ಕಾರ್ಡಿನಾಗ ಅದು ಬ್ಯಾಡ್ರಿ ಅಕ್ಕಾರ.”

“ಕಾರ್ಡಿಗಲ್ರಿ, ನನಗ. ಹೇಳದಿದ್ರ ಕಾರ್ಡು ಕೊಡಂಗಿಲ್ಲ.”

ಕೆಲವರಿಗೆ ಅಜ್ಜಿಯ ಹೆಸರೇ ಗೊತ್ತಿರುತ್ತಿರಲಿಲ್ಲ. ಮನೆಗೆ ಹೋಗಿ ಮುದುಕರನ್ನು ಕೇಳಿಕೊಂಡು ಬರುತ್ತಿದ್ದರು. ಅಜ್ಜಿ, ಅಜ್ಜಿಯ ತಾಯಿ, ಅವರ ತವರೂರು, ಎಲ್ಲವನ್ನೂ ಊರು ಊರಿನ ಲೆಕ್ಕದಲ್ಲಿ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ವಂಶವೃಕ್ಷ ಬರೆಸಬೇಕಾದವರು ತಾಲ್ಲೂಕು ಕಚೇರಿಗೆ ಹೋಗುವ ಮೊದಲು ಇವಳ ಹತ್ತಿರ ಬರುತ್ತಿದ್ದರು. “ನಮ್ಮ ಮುತ್ತಜ್ಜಿ ಹೆಸರು ನಿಮ್ಮ ಹತ್ರ ಐತಂತಲ್ರಿ” ಎಂದು ಒಬ್ಬ ಮುದುಕಿ ಬಂದು, ಪರದೆಯ ಮೇಲೆ ಆ ಹೆಸರು ಮೂಡಿದಾಗ ಸೆರಗಿನಿಂದ ಆ ಗಾಜನ್ನು ಒರೆಸಿದ್ದನ್ನು ನಾನೇ ನೋಡಿದ್ದೇನೆ. ಹೊಲದ ಪಹಣಿಯಲ್ಲಿ ಇಲ್ಲದ, ಯಾವ ಕಲ್ಲಿನ ಮೇಲೂ ಇಲ್ಲದ ಹೆಸರುಗಳು ಅವು. ಹದಿನೆಂಟು ವರ್ಷ ಕೂಡಿಸಿದ್ದಳು.

ಅವಳ ಕಂಪ್ಯೂಟರೂ ಮುದುಕಿಯಾಗಿತ್ತು. ನಾನೇ ಹೇಳಿದೆ, “ತಂಗಿ, ನಿನ್ನ ಡಬ್ಬಕ್ಕ ಎಸ್‌ಎಸ್‌ಡಿ ಹಾಕ್ತೀನಿ. ನಿನ್ನ ಬೆರಳಿಗಿಂತ ಜೋರು ಓಡ್ತೈತಿ ನೋಡು.”

ಒಂದು ಭಾನುವಾರ ಬೆಳಿಗ್ಗೆ ಕೂಡ್ಲಿಗಿಗೆ ಹೋದೆ. ಪ್ರತಿ ತೆಗೆಯುವ ಡಿಸ್ಕನ್ನು ಕೊಟ್ಟೂರಿನಲ್ಲೇ ಬಿಟ್ಟಿದ್ದೆ. ತಂಗಿಯ ಮನೆ ತಾನೆ, ಮನೆಯ ಕೆಲಸ ತಾನೆ ಎಂಬ ಸಲಿಗೆ. ಹಳೆಯ ಡಿಸ್ಕಿಗೆ ದಾರ ಕಟ್ಟಿದೆ. ಸುಜಾತ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಅಣ್ಣಾ, ಏನ್ ಮಾಡ್ತಿ ಅಂತ ಹೇಳ್ಕೋಂತ ಮಾಡು. ನಾನೂ ನೋಡ್ತೀನಿ.”

“ನಿನಗೇನ್ ತಿಳೀತೈತಿ ಇದು? ಹೋಗು, ಮಂಡಕ್ಕಿ ಒಗ್ಗರಣಿ ಮಾಡು. ಹಸಿವಾಗೈತಿ.”

ಅವಳು ಎದ್ದು ಹೋದಳು. ಈ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಮುಂದೆ ಕಂಪ್ಯೂಟರ್ ಹೊಸ ಡಿಸ್ಕಿನಿಂದಲೇ ಏಳಲಿ ಎಂದು ಅದರ ವೈರನ್ನು ಬೋರ್ಡಿನ ಮೊದಲ ಕಿಂಡಿಗೆ, ಹಳೆಯದರದನ್ನು ಎರಡನೆಯದಕ್ಕೆ ಸಿಕ್ಕಿಸಿದೆ. ಹಾಗಾಗಿ ಪರದೆಯ ಮೇಲಿನ ಮೊದಲ ಸಾಲು ಹೊಸದು, ಎರಡನೆಯದು ಹಳೆಯದು. ಆದರೆ ನನ್ನ ತಲೆಯಲ್ಲಿ ಮೂವತ್ತು ವರ್ಷದಿಂದ ಕೂತದ್ದು ಒಂದೇ. ಮೊದಲನೆಯದು ತುಂಬಿದ್ದು, ಎರಡನೆಯದು ಖಾಲಿ, ಎಡಗೂಡು ಬಲಗೂಡು. ಅಳತೆ ಓದಲಿಲ್ಲ. ಓದಿ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಒತ್ತಿದೆ.

ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯಿತು ಎಂದು ಬಂತು. ಅಷ್ಟು ಬೇಗ ಮುಗಿದದ್ದು ಖಾಲಿಯನ್ನು ನಕಲು ಮಾಡಿದ್ದಕ್ಕೆ. ನನಗೆ ಅದು ಹೊಳೆಯಲಿಲ್ಲ. ಬೆರಗಿನಲ್ಲಿ ಕೂಗಿದೆ, “ಸುಜೀ, ಬಾ ಇಲ್ಲಿ! ಹದಿನೆಂಟು ವರ್ಷದ್ದು ಒಂದು ನಿಮಿಷದಾಗ ಹೋತು ನೋಡು!” ಅವಳು ಒಗ್ಗರಣೆಯ ಸೌಟು ಹಿಡಿದುಕೊಂಡೇ ಓಡಿಬಂದಳು. “ಹೌದೇನಣ್ಣಾ!” ಎಂದು ಕಣ್ಣರಳಿಸಿದಳು. ಅವಳ ಅಷ್ಟೂ ಹೆಸರು ಅಳಿಸಿದ್ದಕ್ಕೆ ಅಣ್ಣ ತಂಗಿ ಇಬ್ಬರೂ ಸೇರಿ ನಕ್ಕಿದ್ದೇವೆ.

ಹೊಸ ಡಿಸ್ಕಿನಿಂದ ಕಂಪ್ಯೂಟರ್ ಏಳಲಿಲ್ಲ. ನಕಲು ಸರಿಯಾಗಿ ಇಳಿದಿಲ್ಲ ಅಂದುಕೊಂಡು ಎರಡನೇ ತಪ್ಪು ಮಾಡಿದೆ. ಬುಡದಿಂದ ತುದಿಯವರೆಗೆ ಒಂದೊಂದು ಕಣವನ್ನೂ ನಕಲಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದೆ, ಅದೇ ದಿಕ್ಕಿನಲ್ಲಿ. ಎರಡು ತಾಸು ಆ ಖಾಲಿ ಡಿಸ್ಕ್ ತನ್ನ ಖಾಲಿಯನ್ನು ಹೆಸರುಗಳ ಮೇಲೆ ಬರೆಯಿತು; ದೊಡ್ಡ ಡಿಸ್ಕಿನ ಮೊದಲ ಭಾಗದಲ್ಲೇ ಅವೆಲ್ಲ ಇದ್ದವು. ಮೊದಲ ತಪ್ಪಿಗೇ ಕೈ ತೆಗೆದಿದ್ದರೆ ಹೆಚ್ಚಿನದು ಮರಳಿ ಸಿಗುತ್ತಿತ್ತು. ಹೊಸಬರೇ, ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ತಪ್ಪಾಯಿತು ಎಂಬ ಅನುಮಾನ ಬಂದ ಕ್ಷಣ ವೈರು ಕಿತ್ತು ಡಿಸ್ಕ್ ಪಕ್ಕಕ್ಕಿಡಿ. ಸರಿಮಾಡಲು ಹೋಗಬೇಡಿ. ಅವಸರದಲ್ಲಿ ಸರಿಮಾಡಲು ಹೋದದ್ದೇ ಉಳಿದದ್ದನ್ನೂ ತೆಗೆಯುತ್ತದೆ.

ಊಟದ ಹೊತ್ತಿಗೆ ಮತ್ತೆ ಪರದೆ ನೋಡಿದಾಗ ಮೊದಲ ಸಾಲಿನಲ್ಲಿ ಸಣ್ಣ ಅಳತೆ, ಎರಡನೆಯದರಲ್ಲಿ ದೊಡ್ಡ ಅಳತೆ ಕಂಡಿತು. ದಾರ ಕಟ್ಟಿದ್ದು ದೊಡ್ಡದಕ್ಕೆ, ನಾನು ಬರೆದದ್ದೂ ಅದರ ಮೇಲೆಯೇ. ಸುಜಾತ ತಟ್ಟೆ ಹಿಡಿದು ನಿಂತಿದ್ದಳು.

“ಯಾಕಣ್ಣಾ, ಮುಖ ಹಿಂಗ್ಯಾಕಾತು?”

ಸಾಹೇಬರ ಮಾತು ನೆನಪಾಯಿತು. ಇನ್ನೊಂದು ಸಲ ನೀನ ಹೇಳಬೇಕು. ಬಾಯಿ ತೆರೆದೆ. ಬಂದದ್ದು ಇದು.

“ಡಿಸ್ಕ್ ಮೊದ್ಲ ಕೆಟ್ಟಿತ್ತು ತಂಗಿ. ನೀನು ಕರೆಂಟ್ ಹೊಯ್ದಾಡಿದಾಗ ಹಂಗ ಸ್ವಿಚ್ ಆರಿಸ್ತಿದ್ದಿಲ್ಲ? ಸೂಜಿ ತಟ್ಟಿಗೆ ಬಡದು ಗೀರು ಬಿದ್ದಾವ. ಏನೂ ಉಳಿದಿಲ್ಲ.”

ಸ್ವಿಚ್ ಹಾಗೆ ಆರಿಸಿದರೆ ಡಿಸ್ಕ್ ಕೆಡುವುದುಂಟು. ಸುಳ್ಳಿಗೆ ಕಸುಬಿನ ಮಾತು ಸೇರಿಸಿದ್ದರಿಂದ ಅದು ನಿಜದಂತೆ ಕೇಳಿಸಿತು. ಅವಳು ತಟ್ಟೆ ಕೆಳಗಿಟ್ಟು ತನ್ನ ಬಲಗೈಯನ್ನು ನೋಡಿಕೊಂಡಳು. “ನನ್ನ ಕೈಯಾರ ಕಳ್ಕೊಂಡ್ನಲ್ಲಣ್ಣಾ” ಎಂದಳು. ನಾನು ಮಂಡಕ್ಕಿ ತಿಂದೆ. ಹೊಸ ಡಿಸ್ಕಿಗೆ ವಿಂಡೋಸ್ ಹಾಕಿಕೊಟ್ಟೆ. ಹತ್ತೇ ಎಣಿಸುವುದರೊಳಗೆ ಕಂಪ್ಯೂಟರ್ ಎದ್ದು ನಿಂತಿತು, ಒಳಗೆ ಒಂದು ಹೆಸರೂ ಇಲ್ಲದೆ.

ಆಮೇಲೆ ನಡೆದದ್ದೇ ನನ್ನ ಬದುಕಿನ ದೊಡ್ಡ ಬೆರಗು. ಸುಜಾತ ಒಂದು ದಪ್ಪ ನೋಟ್‌ಬುಕ್ ತಂದಳು. ಕಣ್ಣು ಮುಚ್ಚಿಕೊಂಡು ನೆನಪಾದ ಹೆಸರುಗಳನ್ನು ಊರಿನ ಲೆಕ್ಕದಲ್ಲಿ ಬರೆಯತೊಡಗಿದಳು. ಹೆಸರು ಹೇಳಿದವರ ದನಿ, ಅವರು ಉಟ್ಟಿದ್ದ ಸೀರೆ, ಅವತ್ತು ಎಷ್ಟು ಕಾರ್ಡು ಒಯ್ದರು ಎಂಬುದನ್ನೆಲ್ಲ ಹಿಡಿದುಕೊಂಡು ಹೆಸರಿನ ಹತ್ತಿರ ಹೋಗುತ್ತಿದ್ದಳು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲದೆ ಕಾಗದ ಎದ್ದು ಬರುತ್ತದೆಂದು ನಾನು ಬೆರಗಾಗಿದ್ದೆ. ನನ್ನ ಪಕ್ಕದಲ್ಲೇ ಬೆಳೆದ ಹುಡುಗಿಯ ತಲೆಯೊಳಗೆ ಇಷ್ಟು ಊರುಗಳಿದ್ದದ್ದು ನನಗೆ ಗೊತ್ತಿರಲಿಲ್ಲ. ನೆನಪಾಗದ ಮನೆಗಳಿಗೆ ಅಂಗಡಿಯ ರಜೆಯ ದಿನ ಬಸ್ಸಿನಲ್ಲಿ ಹೋಗುತ್ತಿದ್ದಳು. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ. ಪ್ರತಿ ಬಾಗಿಲಲ್ಲೂ ನಿಂತು ಅವಳು ಹೇಳುತ್ತಿದ್ದದ್ದು ಒಂದೇ ಮಾತು. “ಅಮ್ಮಾ, ನೀವು ಹೇಳಿದ್ದ ಹೆಸರು ನನ್ನ ಕೈ ತಪ್ಪಿನಿಂದ ಅಳಿಸಿ ಹೋಗ್ಯಾವ. ಇನ್ನೊಂದ್ಸಲ ಹೇಳ್ರಿ.” ಕೆಲವು ಮನೆಗಳಲ್ಲಿ ಹೆಸರು ಗೊತ್ತಿದ್ದ ಮುದುಕರು ತೀರಿಹೋಗಿದ್ದರು. ಅಲ್ಲಿಂದ ಬರುವಾಗ ಅವಳು ಬಸ್ಸಿನಲ್ಲಿ ಆ ಮನೆಯ ಸಾಲನ್ನು ಖಾಲಿ ಬಿಟ್ಟು ನೋಟ್‌ಬುಕ್ ಮುಚ್ಚುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆ ಹೆಸರುಗಳನ್ನು ಅಳಿಸಿದವನು ನಾನು. ತಪ್ಪು ನನ್ನದು. ಸ್ವಿಚ್ಚಿನದಲ್ಲ, ಡಿಸ್ಕಿನದಲ್ಲ, ಸುಜಾತಳದಂತೂ ಅಲ್ಲವೇ ಅಲ್ಲ. ದಾರ ಕಟ್ಟಿದ ಆ ಡಿಸ್ಕ್ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಅದು ಇವತ್ತಿಗೂ ಚೆನ್ನಾಗಿ ತಿರುಗುತ್ತದೆ. ಗೀರು ಎಂಬುದು ಅದರ ಮೇಲೆ ಒಂದೂ ಇಲ್ಲ.

ಇಷ್ಟು ಬರೆದು ಆ ಹಾಳೆಗಳನ್ನು ಸುಜಾತಳ ಕೈಗಿಟ್ಟು, ಚಹಾಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಮೂರು ದಿನ ಫೋನಿಲ್ಲ. ನಾಲ್ಕನೆಯ ದಿನ ಬಂತು.

“ಅಣ್ಣಾ, ಬಾ.”

ಅಷ್ಟೇ. ಹೋದೆ. ಅವಳು ಅಂಗಡಿಯಲ್ಲಿ ಕೂತಿದ್ದಳು. ನನ್ನ ಮುಖ ನೋಡಲಿಲ್ಲ.

“ನೀನು ನನ್ನ ಮಂಡಕ್ಕಿ ಮಾಡಾಕ ಕಳಿಸಿದಿ ನೋಡು, ಅಲ್ಲೀ ತನಕ ಟೈಪ್ ಮಾಡೀನಿ. ಮುಂದಿಂದು ನಾನು ಮಾಡಂಗಿಲ್ಲ.”

“ತೆಗೆದುಬಿಡು ಅಂತೀಯೇನು?”

“ತೆಗಿ ಅಂತ ಯಾರಂದ್ರು? ನೀನ ಮಾಡು. ಕುಂದ್ರು ಇಲ್ಲಿ.”

“ನನಗ ಟೈಪ್ ಬರಂಗಿಲ್ಲ, ನಿನಗ ಗೊತ್ತೈತಿ.”

“ನನಗೂ ಡಿಸ್ಕಿಂದು ತಿಳೀತಿರ್ಲಿಲ್ಲ. ಅದಕ್ಕ ಅಲ್ಲೇನು ನೀನು ಹೇಳಿದ್ದು ನಂಬಿದ್ದು?”

ಕೂತೆ. ಗುಂಡಿ ಒತ್ತಿದಳು. ನಾನು ಹಾಕಿದ ಅದೇ ಡಿಸ್ಕ್. ಹತ್ತು ಎಣಿಸುವುದರೊಳಗೆ ಪರದೆ ಬೆಳಗಿ, ನನ್ನ ಬೆರಳಿಗೆ ಕಾಯುತ್ತ ನಿಂತಿತು. ಇಷ್ಟು ವರ್ಷ ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿದವನಿಗೆ ಒಂದು ಅಕ್ಷರ ಎಲ್ಲಿದೆ ಎಂದು ತಿಳಿಯದು. ಸುಜಾತ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಆರು ವರ್ಷದ ಹಿಂದೆ ನಾನು ಎಬ್ಬಿಸಿ ಕಳಿಸಿದ ಜಾಗ ಅದು.

“ಮೊದ್ಲು ಟಿ ಒತ್ತು, ಅದು ತ. ಈಗ ಪಿ. ಒತ್ತಕ್ಷರಕ್ಕ ಎಫ್. ಮತ್ತ ಪಿ. ಆಮ್ಯಾಲ ಯು. ಏನಾತು? ಜೋರಾಗಿ ಓದು.”

“ತಪ್ಪು.”

“ಮುಂದ. ಯಾರದು?”

‘ನನ್ನದು’ ಎನ್ನಲು ನ ಎಲ್ಲಿದೆ ಎಂದು ಹುಡುಕಿ ಹುಡುಕಿ ಒತ್ತಿದೆ. ಮಂಡಕ್ಕಿಯಿಂದ ಗೀರಿನವರೆಗಿನ ಭಾಗ ಮುಗಿಯಲು ಎರಡು ದಿನ ಹಿಡಿಯಿತು. ಒಂದೊಂದು ಸಾಲು ಮುಗಿದಾಗಲೂ ಓದಿಸಿದಳು. ಕೈಯಲ್ಲಿ ಬರೆಯುವಾಗ ಓಡಿಹೋಗಿದ್ದ ಮಾತುಗಳು ಒಂದೊಂದಾಗಿ ಕಿವಿಗೆ ಬಿದ್ದವು. ಎರಡನೆಯ ದಿನ ಅವಳು ಒಮ್ಮೆ ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. 

ಎಲ್ಲ ಮುಗಿದ ಮೇಲೆ ಬೇರೊಂದು ಡಿಸ್ಕ್ ತಂದು ಸಿಕ್ಕಿಸಿದಳು. “ಇದಕ್ಕೂ ಒಂದು ಪ್ರತಿ ಹಾಕು. ಎಲ್ಲಿಂದ, ಎಲ್ಲಿಗೆ?”

ನಾನು ಅಳತೆ ಓದಿ ಹೇಳಿದೆ. ಅವಳು “ಹೌದು” ಅಂದ ಮೇಲೆ ಒತ್ತಿದೆ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಆ ದಪ್ಪ ನೋಟ್‌ಬುಕ್ ತಂದು ನನ್ನ ತೊಡೆಯ ಮೇಲಿಟ್ಟಳು. “ಖಾಲಿ ಬಿಟ್ಟ ಸಾಲು ಇನ್ನೂ ಭಾಳ ಅದಾವ. ನಿನಗ ಎಲ್ಲಾ ಊರಿನ ಬಸ್ಸೂ ಗೊತ್ತು. ನೀನ ಹೋಗು. ಹೆಸರು ಕೇಳೋಕಿಂತ ಮೊದ್ಲು, ಅಳಿಸಿದ್ದು ಯಾರು ಅಂತ ಹೇಳು. ಆರು ವರ್ಷ ನಾನು ನನ್ನ ಹೆಸರು ಹೇಳೀನಿ.”

ಆ ಎರಡು ದಿನ ಒತ್ತಿದ ಭಾಗದಂತೆ, ಆಮೇಲೆ ನಡೆದ ಇದನ್ನೂ ನಾನೇ ಒಂದು ಬೆರಳಿನಿಂದ ಒತ್ತಿದ್ದೇನೆ. ಮೊದಲು ಹೋದದ್ದು ಗುಡೇಕೋಟೆಗೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ನೋಟ್‌ಬುಕ್ ನೋಡಿ ಗುರುತು ಹಿಡಿದರು. “ಕೂಡ್ಲಿಗಿ ಕಾರ್ಡಿನ ಅಮ್ಮಾರ ಪುಸ್ತಕ ಅಲ್ಲೇನ್ರಿ ಅದು? ಪಾಪ, ಆಯಮ್ಮ ಕೈ ತಪ್ಪಿ ಅಳಿಸಿತು ಅಂತ ಭಾಳ ನೊಂದ್ಕೊಂಡಿದ್ರು.”

ನನ್ನ ತಲೆಯ ಮೇಲೆ ಟೋಪಿ ಇರಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡೆ.

“ಅವ್ರ ಕೈ ಅಲ್ರಿ” ಎಂದೆ. “ನನ್ನ ಕೈ.”

ಅವರು ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟು, ಒಳಗಿದ್ದ ತಮ್ಮ ಅಕ್ಕನನ್ನು ಕೂಗಿದರು. ಆ ಮುದುಕಿ ಬಾಗಿಲು ಹಿಡಿದು ಬಂದು, ನೆನಪಿಸಿಕೊಂಡು, ತನ್ನ ಅಜ್ಜಿಯ ಹೆಸರು ಹೇಳಿದಳು. ನಾನು ಅದನ್ನು ತಿರುಗಿ ಜೋರಾಗಿ ಹೇಳಿದೆ. “ಹೌದು” ಎಂದಳು. ಆಮೇಲೆ ಬರೆದುಕೊಂಡೆ.